ಸಾಣೆಕಲ್ಲೂ ಗುಳಿಗೆಯೂ

ನಮ್ಮ ಮನೆಯಲ್ಲಿ ಹಿರಿಯರ ಕಾಲದ್ದೆಂದು ಹೇಳಿಕೊಳ್ಳಬಹುದಾದ ವಸ್ತು ಒಂದೇ ಒಂದು ಉಳಿದಿದೆ. ಅದು ಅಂಗೈಯಗಲದ ಒಂದು ಸಾಣೆಕಲ್ಲು. ನಡುವೆ ಸವೆದು ತಗ್ಗಾಗಿದೆ. ಒಂದು ಮೂಲೆ ಮುರಿದಿದೆ. ಸಾಂಗ್ಲಿವಾಡಿಯಲ್ಲಿ ಹೊಳೆಯ ದಂಡೆಗೆ ಮನೆ ಮಾಡಿಕೊಂಡವರಲ್ಲಿ ಹಳೆಯ ವಸ್ತುಗಳು ಏಕೆ ಉಳಿಯುವದಿಲ್ಲವೆಂಬದನ್ನು ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ, ೪೫ ಅಡಿಗೆ ಅಪಾಯದ ಗೆರೆಯಿರುವ ಆಯರ್ವಿನ್ ಸೇತುವೆಯ ಬಳಿ ನೀರು ೫೭ ಅಡಿಯನ್ನು ಮುಟ್ಟಿತು. ನಾವು ನೆಂಟರ ಮನೆಯಿಂದ ಮರಳಿ ಬಂದು ಕದ ತೆರೆದಾಗ ಮೊಣಕಾಲುದ್ದ ರಾಡಿಯಲ್ಲಿ ಪುಸ್ತಕಗಳೂ ಹಾಸಿಗೆಗಳೂ ಒಂದೇ ಮುದ್ದೆಯಾಗಿ ಬಿದ್ದಿದ್ದವು. ಮೂರು ದಿನ ರಾಡಿಯನ್ನು ತೋಡಿ ಹೊರಗೆ ಹಾಕಿದೆವು. ಮೂರನೆಯ ದಿನ ಅಡಿಗೆಮನೆಯ ಮೂಲೆಯಲ್ಲಿ ಸಲಿಕೆಗೆ ಏನೋ ಠಣ್ಣೆಂದು ತಾಗಿತು. ತೊಳೆದು ನೋಡಿದರೆ ನಮ್ಮ ಆಯಿಯ ಸಾಣೆಕಲ್ಲು.

ಆ ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡು ನಾವು ರಾಡಿಯಲ್ಲಿಯೇ ಬಹಳ ಹೊತ್ತು ನಿಂತೆವಂತೆ. ನಮ್ಮ ಮನೆಯವರು ಈಗಲೂ ಅದನ್ನು ಹೇಳಿ ನಗುತ್ತಾರೆ. ಆದರೆ ಆ ಕಲ್ಲಿನ ಮೇಲೆ ನಮ್ಮ ಮನೆಯ ಮೂರು ತಲೆಮಾರಿನ ಹೊಟ್ಟೆಗಳ ಚರಿತ್ರೆ ತೇಯ್ದುಹೋಗಿದೆಯೆಂಬದು ಅವರಿಗೂ ಗೊತ್ತು. ಆ ಚರಿತ್ರೆಯಲ್ಲಿ ಒಂದು ಪುಟ ಮಾತ್ರ ನಗುವಂಥದಲ್ಲ. ಅದನ್ನು ಹೇಳಬೇಕೆಂದೇ ಇಂದು ಬರೆಯಲು ಕುಳಿತಿದ್ದೇವೆ.

ಆಯಿ ಅಥಣಿಯ ಕಡೆಯಿಂದ ಸೊಸೆಯಾಗಿ ಬಂದವಳು. ಬರುವಾಗ ತಂದ ಆಸ್ತಿಯೆಂದರೆ ಈ ಕಲ್ಲು, ಒಂದು ಬಟ್ಟೆಯ ಗಂಟು ಮತ್ತು ಆ ಗಂಟಿನೊಳಗಿನ ಬೇರುಕಾಯಿಗಳ ಕನ್ನಡ ಹೆಸರುಗಳು. ಗಂಟು ತೀರಿದಾಗ ಸಾಂಗ್ಲಿಯ ಪೇಟೆಗೆ ಹೋಗಿ ಕಾಷ್ಠೌಷಧಿಯ ಅಂಗಡಿಯಲ್ಲಿ ಮತ್ತೆ ಕೊಳ್ಳಬೇಕಾಗುತ್ತಿತ್ತು. ಅಲ್ಲಿ ಹೆಸರುಗಳ ತೊಡಕು. ಆಯಿಯ ಬಜೆ ಅಂಗಡಿಕಾರನಿಗೆ ವೇಖಂಡ. ಅವಳ ಅಳಲೆಕಾಯಿ ಅವನಿಗೆ ಹಿರಡಾ. ಅವಳ ಅಜಿವಾನ ಅವನಿಗೆ ಓವಾ. ಅವಳ ಎಡಮುರಿ ಅವನಿಗೆ ಮುರುಡಶೇಂಗ. ಅವಳ ವಾಯುವಿಳಂಗ ಅವನಿಗೆ ವಾವಡಿಂಗ. ಬೆರಳು ಮಾಡಿ ತೋರಿಸುತ್ತ, ಮೂಸಿ ನೋಡುತ್ತ, ಹಲ್ಲಿನಿಂದ ಕಚ್ಚಿ ಉಗುಳುತ್ತ ಅವಳು ಮರಾಠಿಯನ್ನು ಕಲಿತಳು. ನಾವು ಅವಳ ಸೆರಗು ಹಿಡಿದುಕೊಂಡು ಹಿಂದೆ ಹೋಗಿ, ಒಂದೊಂದು ಕಾಯಿಗೆ ಎರಡೆರಡು ಹೆಸರು ಕಲಿತೆವು. ಮುಂದೆ ಕನ್ನಡ ಶಾಲೆಯ ಮಾಸ್ತರಿಕೆಗೆ ನಿಂತಾಗ ಈ ಎರಡು ಹೆಸರಿನ ವಿದ್ಯೆ ನಮಗೆ ಬಹಳ ಸಲ ಒದಗಿತು.

ಈ ಗಂಟಿನಲ್ಲಿ ಜಂತಿನ ಮದ್ದಿನ ಪಾಲೇ ದೊಡ್ಡದು. ಏಕೆಂದರೆ ಆ ಕಾಲದಲ್ಲಿ ಮಕ್ಕಳ ಹೊಟ್ಟೆಯಲ್ಲಿ ಜಂತುಗಳಿರುವದು ಮನೆಯಲ್ಲಿ ಇಲಿಗಳಿರುವಷ್ಟೇ ಸಹಜವೆಂದು ಎಲ್ಲರೂ ತಿಳಿದಿದ್ದರು. ಹುಡುಗ ರಾತ್ರಿ ಹಲ್ಲು ಕಡಿದರೆ ಜಂತು. ಮಣ್ಣು ತಿಂದರೆ ಜಂತು. ಉಂಡದ್ದು ಮೈಗೆ ಹತ್ತದಿದ್ದರೆ ಜಂತು. ಲೆಕ್ಕ ತಪ್ಪಿದರೂ ಜಂತು. ಆಯಿಯ ಕ್ರಮ ಹೀಗಿತ್ತು: ಮೂರು ದಿನ ಬೆಳಗಿನಲ್ಲಿ ವಾಯುವಿಳಂಗದ ಕಾಳನ್ನು ಪುಡಿಮಾಡಿ ಬೆಲ್ಲದ ಉಂಡೆಯೊಳಗಿಟ್ಟು ನುಂಗಿಸುವದು, ನಾಲ್ಕನೆಯ ದಿನ ಮೂಗು ಹಿಡಿದು ಔಡಲೆಣ್ಣೆ ಕುಡಿಸುವದು. ಬೆಲ್ಲದ ಆಶೆಗೆ ಹುಳಗಳು ಒಂದೆಡೆಗೆ ಕೂಡುತ್ತವೆ, ಮದ್ದಿನಿಂದ ಸೊರಗುತ್ತವೆ, ಎಣ್ಣೆಗೆ ಜಾರುತ್ತವೆ ಎಂಬದು ಅವಳ ಸಿದ್ಧಾಂತ. ನಮಗೆ ಬೆಲ್ಲದ ಆಶೆಯಂತೂ ಇತ್ತು. ಆದುದರಿಂದ ಮೊದಲ ಮೂರು ದಿನ ನಾವೂ ಹುಳಗಳೊಡನೆ ಸಾಲಾಗಿ ಬಂದು ನಿಲ್ಲುತ್ತಿದ್ದೆವು. ನಾಲ್ಕನೆಯ ದಿನ ಮಾತ್ರ ನಮ್ಮನ್ನು ಕಬ್ಬಿನ ಹೊಲದಲ್ಲಿ ಹುಡುಕಬೇಕಾಗುತ್ತಿತ್ತು. ಎಷ್ಟೋ ಸಲ ಹುಳಗಳು ಬಿದ್ದದ್ದೂ ನಿಜ. ಬಿದ್ದಾಗ ಆಯಿಯ ಮುಖದಲ್ಲಿ ಪರೀಕ್ಷೆಯಲ್ಲಿ ಪಾಸಾದವರ ಕಳೆಯಿರುತ್ತಿತ್ತು.

ಇನ್ನು ಆ ಪುಟ. ಕೊಯ್ನಾ ಭೂಕಂಪವಾದ ೧೯೬೭ನೆಯ ಇಸವಿಯ ಶ್ರಾವಣಮಾಸ. ನಾವು ಮೂರನೆಯ ಇಯತ್ತೆಯಲ್ಲಿದ್ದೆವು. ನಮ್ಮ ತಮ್ಮನಿಗೆ ಐದು ವರ್ಷ. ಗಡಿಗೆಯಂಥ ಹೊಟ್ಟೆ, ಕಡ್ಡಿಯಂಥ ಕಾಲು. ಮಳೆ ಹಿಡಿದುಕೊಂಡಿತ್ತು. ಒಂದು ಮಧ್ಯಾಹ್ನ ಹೊಟ್ಟೆ ನೋವೆಂದು ಹೊರಳಾಡತೊಡಗಿದ. ಆಯಿ ಅಜಿವಾನ ಉಪ್ಪು ಜಗಿಸಿದಳು; ಹೊಟ್ಟೆಗೆ ಬಿಸಿ ಬೂದಿಯ ಗಂಟಿನ ಶೇಕ ಕೊಟ್ಟಳು. ಸಂಜೆಗೆ ವಾಂತಿ ಮೊದಲಾಯಿತು. ವಾಂತಿಯಲ್ಲಿ ಒಂದು ಹುಳ ಬಂದಿತು. ಅದನ್ನು ಕಂಡು ಅವಳಿಗೆ ರೋಗ ಗೊತ್ತಾಯಿತೆಂಬ ಸಮಾಧಾನವೇ ಆಯಿತು. ಮೂರು ದಿನದ ಮದ್ದಿಗೆ ಈಗ ಸಮಯವಿಲ್ಲವೆಂದು ವಾಯುವಿಳಂಗವನ್ನು ತೇಯ್ದು ಕುಡಿಸಿ, ರಾತ್ರಿಯೇ ಔಡಲೆಣ್ಣೆ ಕೊಟ್ಟಳು. ಬೆಳಗಾಗುವಷ್ಟರಲ್ಲಿ ಹುಡುಗನ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಮಲವೂ ಇಲ್ಲ, ವಾಯುವೂ ಇಲ್ಲ. ಕಣ್ಣು ಒಳಗೆ ಸೇರಿದ್ದವು. ಅಪ್ಪ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಳೆಯಲ್ಲಿ ಸೇತುವೆ ದಾಟಿ, ಟಾಂಗಾ ಹಿಡಿದು ಮಿರಜೆಗೆ ಹೋದ. ಆಯಿ ಹಟ ಹಿಡಿದು ಜೊತೆಗೆ ಹತ್ತಿದಳು. ಅವಳನ್ನು ಬಿಟ್ಟಿರಲಾರದ ನಮ್ಮನ್ನೂ ಹತ್ತಿಸಿಕೊಂಡರು.

ಮಿರಜೆಯು ದವಾಖಾನೆಗಳ ಊರು. ೧೮೯೪ರಲ್ಲಿ ವಾನ್ಲೆಸ್ ಎಂಬ ಮಿಶನರಿ ಡಾಕ್ಟರರು ಅಲ್ಲಿ ದವಾಖಾನೆ ತೆರೆದಂದಿನಿಂದ, ಕನ್ನಡ ಸೀಮೆಯ ಜನ ಗಾಡಿ ಕಟ್ಟಿಕೊಂಡು, ರೇಲ್ವೆ ಹತ್ತಿಕೊಂಡು ಆ ಊರಿಗೆ ಬರುತ್ತಲೇ ಇದ್ದಾರೆ. ನಾವು ಹೋದ ದವಾಖಾನೆ ಯಾವದೆಂಬದು ಇಲ್ಲಿ ಮುಖ್ಯವಲ್ಲ. ಅಲ್ಲಿಯ ಡಾಕ್ಟರರು ಹೊಟ್ಟೆಯನ್ನು ಮುಟ್ಟಿ ನೋಡಿದರು. ಕೂಡಲೇ ಶಸ್ತ್ರಕ್ರಿಯೆಗೆ ಒಯ್ದರು. ಕರುಳಿನ ದಾರಿಯಲ್ಲಿ ದುಂಡುಹುಳಗಳು ಒಂದಕ್ಕೊಂದು ಹೆಣೆದುಕೊಂಡು ಹಗ್ಗದ ಉಂಡೆಯಂತೆ ಸಿಕ್ಕಿಕೊಂಡಿದ್ದವು.

ತಮ್ಮ ಬದುಕಿದ. ಡಾಕ್ಟರರು ಹೊರಗೆ ಬಂದು, ಮೊದಲು ಏನು ಕೊಟ್ಟಿದ್ದಿರೆಂದು ಕೇಳಿದರು. ಅಪ್ಪ ನೆಲ ನೋಡುತ್ತ ನಿಂತ. ಆಯಿಯೇ ಮುಂದೆ ಬಂದು, ಒಂದನ್ನೂ ಮುಚ್ಚಿಡದೆ, ಯಾವ ಕಾಳು, ಎಷ್ಟು, ಎಷ್ಟು ಹೊತ್ತಿಗೆ ಎಂಬದನ್ನೆಲ್ಲ ಹೇಳಿದಳು. ಅವರು ಬಯ್ಯಲಿಲ್ಲ. ದಾರಿ ಕಟ್ಟಿರುವಾಗ ಭೇದಿಗೆ ಕೊಡಬಾರದು. ಕರುಳು ಒತ್ತುತ್ತದೆ, ಮುಂದೆ ಹೋಗಲು ಎಡೆಯಿಲ್ಲ, ಹರಿದರೆ ಹುಡುಗ ಉಳಿಯುವದಿಲ್ಲ. ಇನ್ನೊಂದು ರಾತ್ರಿ ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ತಿಳಿಸಿ ಹೇಳಿದರು. ಆಯಿ ಕೇಳಿಸಿಕೊಂಡಳು. ಊರಿಗೆ ಬಂದ ಮೇಲೆ ಅವಳು ಸಾಣೆಕಲ್ಲನ್ನು ಅಟ್ಟದ ಮೇಲೆ ಬೋರಲಾಗಿ ಇಟ್ಟಳು. ಡಿಸೆಂಬರ ತಿಂಗಳಲ್ಲಿ ಬೆಳಗಿನ ಜಾವ ನೆಲ ನಡುಗಿದಾಗ ಅವಳು ಮೊದಲು ಎತ್ತಿಕೊಂಡು ಓಡಿದ್ದು ನಮ್ಮ ತಮ್ಮನನ್ನು. ಅವನ ಹೊಟ್ಟೆಯ ಮೇಲಿನ ಹೊಲಿಗೆಯ ಗುರುತು ಇನ್ನೂ ಕೆಂಪಾಗಿತ್ತು. ಮುಂದಿನ ವರ್ಷ ಕಲ್ಲು ಅಟ್ಟದಿಂದ ಕೆಳಗಿಳಿಯಿತು. ಆದರೆ ಅದರೊಡನೆ ಒಂದು ಕಾಯದೆಯೂ ಇಳಿಯಿತು: ಹೊಟ್ಟೆ ನೋವಿನೊಡನೆ ವಾಂತಿ ಬಂದರೆ, ಹೊಟ್ಟೆ ಬಿಗಿದರೆ, ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ ಕಲ್ಲನ್ನು ಮುಟ್ಟಬಾರದು, ಸೇತುವೆ ದಾಟಬೇಕು. ಓದು ಬರಹ ಬಾರದ ಆಯಿ ಮಾಡಿದ ಈ ಕಾಯದೆಯನ್ನು ನಮ್ಮ ಮನೆಯಲ್ಲಿ ಇಂದಿನವರೆಗೆ ಯಾರೂ ಮುರಿದಿಲ್ಲ.

ಮಾಸ್ತರಿಕೆಗೆ ಸೇರಿದ ಮೇಲೆ ನಮಗೆ ಈ ಹುಳಗಳ ಮೇಲೆ ಒಂದು ಬಗೆಯ ಹಗೆತನದ ಕುತೂಹಲ ಹುಟ್ಟಿತು. ಓದಿ ತಿಳಿದುಕೊಂಡದ್ದನ್ನು ವಿದ್ಯಾರ್ಥಿಗಳಿಗಾಗಿ ಇಲ್ಲಿ ಎರಡು ಮಾತಿನಲ್ಲಿ ಹೇಳುತ್ತೇವೆ. ಹೆಣ್ಣು ದುಂಡುಹುಳವು ಒಂದು ಗೇಣಿಗಿಂತ ಹೆಚ್ಚು ಉದ್ದ ಬೆಳೆಯಬಲ್ಲದು. ದಿನಕ್ಕೆ ಸುಮಾರು ೨,೦೦,೦೦೦ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗಳು ಮಲದೊಡನೆ ಮಣ್ಣಿಗೆ ಬೀಳುತ್ತವೆ. ಎರಡು ಮೂರು ವಾರ ನೆರಳು, ತೇವಗಳಲ್ಲಿ ಪಕ್ವವಾಗುತ್ತವೆ. ಕೈಯಿಂದ, ಕಾಯಿಪಲ್ಯದಿಂದ, ನೀರಿನಿಂದ ಮತ್ತೆ ಬಾಯಿಗೆ ಬರುತ್ತವೆ. ಅಲ್ಲಿಂದ ಅವುಗಳ ಯಾತ್ರೆ ಕಾಶಿಯಾತ್ರೆಗಿಂತ ವಿಚಿತ್ರವಾದುದು. ಮರಿಹುಳಗಳು ಕರುಳನ್ನು ಕೊರೆದು ರಕ್ತಕ್ಕಿಳಿದು, ಯಕೃತ್ತನ್ನು ದಾಟಿ, ಪುಪ್ಪುಸವನ್ನು ಸೇರಿ, ಶ್ವಾಸನಾಳವನ್ನು ಹತ್ತಿ ಗಂಟಲಿಗೆ ಬಂದು, ಉಗುಳಿನೊಡನೆ ನುಂಗಿಸಿಕೊಂಡು ಪುನಃ ಕರುಳಿಗೇ ಬಂದು ನೆಲಸುತ್ತವೆ. ಇದನ್ನು ತಿಳಿಯಲು ಜಪಾನಿನ ಕೊಯಿನೊ ಎಂಬ ಡಾಕ್ಟರರು ೧೯೨೨ರಲ್ಲಿ ಸುಮಾರು ೨೦೦೦ ಮೊಟ್ಟೆಗಳನ್ನು ತಾವೇ ನುಂಗಿ, ತಮ್ಮ ಕಫದಲ್ಲಿ ಮರಿಹುಳಗಳನ್ನು ಕಂಡುಹಿಡಿದರು. ಔಡಲೆಣ್ಣೆಗೆ ಹೆದರಿ ಕಬ್ಬಿನ ಹೊಲಕ್ಕೆ ಓಡುತ್ತಿದ್ದ ನಾವು ಅವರಿಗೆ ದೂರದಿಂದಲೇ ಕೈ ಮುಗಿದೆವು. ಕೊಕ್ಕೆಹುಳದ ದಾರಿ ಬೇರೆ. ಅದು ಬಾಯಿಗಾಗಿ ಕಾಯುವದಿಲ್ಲ; ಬರಿಗಾಲಿನ ಚರ್ಮವನ್ನೇ ಕೊರೆದು ಒಳಗೆ ಬರುತ್ತದೆ, ಕರುಳಿಗೆ ಅಂಟಿಕೊಂಡು ರಕ್ತ ಹೀರುತ್ತದೆ. ತರಗತಿಯ ಮೂಲೆಯಲ್ಲಿ ಬಿಳಿಚಿಕೊಂಡು ಕುಳಿತು ತೂಕಡಿಸುವ ಹುಡುಗಿಯನ್ನು 'ಸೋಮಾರಿ' ಎಂದು ಬಯ್ಯುವ ಮುನ್ನ ಮಾಸ್ತರರು ಈ ಹುಳವನ್ನು ಒಮ್ಮೆ ನೆನೆಯಬೇಕು. ನಾವು ನೆನೆಯದೆ ಬಯ್ದದ್ದುಂಟು. ಅದಕ್ಕೆ ಈಗಲೂ ನಾಚುತ್ತೇವೆ.

ಹಾಗಾದರೆ ಆಯಿಯ ಗಂಟೆಲ್ಲ ಸುಳ್ಳೇ? ಹಾಗೆನ್ನುವವರು ಔಷಧಗಳ ಚರಿತ್ರೆಯನ್ನು ಓದಿರಲಿಕ್ಕಿಲ್ಲ. ಚರಕಸಂಹಿತೆಯು ಹುಳಗಳನ್ನು ಕೊಲ್ಲುವ ದ್ರವ್ಯಗಳಲ್ಲೆಲ್ಲ ವಿಡಂಗಕ್ಕೆ, ಅಂದರೆ ಆಯಿಯ ವಾಯುವಿಳಂಗಕ್ಕೆ, ಮೊದಲ ಮಣೆ ಹಾಕಿದೆ. ನಮ್ಮ ಅಜಿವಾನದಲ್ಲಿ ಥೈಮಾಲ್ ಎಂಬ ಸತ್ವವಿದೆ. ೧೯೦೯ರಲ್ಲಿ ಅಮೇರಿಕೆಯ ದಕ್ಷಿಣದ ಸಂಸ್ಥಾನಗಳಲ್ಲಿ ಕೊಕ್ಕೆಹುಳವನ್ನು ಓಡಿಸಲು ರಾಕ್‌ಫೆಲರರ ಹಣದಿಂದ ದೊಡ್ಡ ಕಾರ್ಯ ಆರಂಭವಾದಾಗ, ಲಕ್ಷಗಟ್ಟಲೆ ಜನರಿಗೆ ಕೊಟ್ಟದ್ದು ಇದೇ ಥೈಮಾಲನ್ನು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಆ ಥೈಮಾಲನ್ನು ಜರ್ಮನಿಯಲ್ಲಿ ಭಟ್ಟಿಯಿಳಿಸುತ್ತಿದ್ದರು. ಅದಕ್ಕೆ ಬೇಕಾದ ಕಾಳು ಹಡಗು ಹತ್ತಿ ಹೋಗುತ್ತಿದ್ದದ್ದು ನಮ್ಮ ದೇಶದಿಂದ. ದಾಳಿಂಬೆಯ ಬೇರಿನ ತೊಗಟೆಯಿಂದ ಲಾಡಿಹುಳ ಬೀಳುತ್ತದೆಂಬದನ್ನು ಹಿಂದಿನವರು ಬಲ್ಲರು. ೧೮೭೮ರಲ್ಲಿ ಫ್ರಾನ್ಸಿನ ತಾನ್ರೆ ಎಂಬವರು ಅದರ ಸತ್ವವನ್ನು ಬೇರ್ಪಡಿಸಿದರು. ಪೇಟೆಯಲ್ಲಿ ಕಿರಮಾಣಿ ಓವಾ ಎಂದು ಸಿಗುವ ಕಹಿ ಮೂಲಿಕೆಯ ಕುಲದಿಂದ ಬಂದ ಸ್ಯಾಂಟೋನಿನ್ ಎಂಬ ಔಷಧವು ಒಂದು ಶತಮಾನದಷ್ಟು ಕಾಲ ಜಗತ್ತಿನ ಮಕ್ಕಳ ದುಂಡುಹುಳಗಳನ್ನು ಬೀಳಿಸಿತು. ಅದೇ ಕುಲದ ಇನ್ನೊಂದು ಗಿಡದಿಂದ ಮಲೇರಿಯದ ಮದ್ದನ್ನು ತೆಗೆದ ಚೀನದ ಟು ಯುಯು ಅವರಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಆದರೆ ಈ ಚರಿತ್ರೆಯ ಇನ್ನೊಂದು ಮಗ್ಗುಲನ್ನೂ ಓದಬೇಕು. ಸ್ಯಾಂಟೋನಿನ್ ಹೆಚ್ಚಾದರೆ ಕಂಡದ್ದೆಲ್ಲ ಹಳದಿಯಾಗುತ್ತಿತ್ತು; ಮಕ್ಕಳಿಗೆ ಸೆಳವು ಬಂದದ್ದೂ ಉಂಟು. ಥೈಮಾಲ್ ಅಳತೆ ತಪ್ಪಿದರೆ ವಿಷ. ದಾಳಿಂಬೆಯ ಬೇರಿನ ತೊಗಟೆಯೂ ಹಾಗೆಯೇ. ಹುಳವನ್ನು ಕೊಲ್ಲುವ ಶಕ್ತಿಯುಳ್ಳ ಮೂಲಿಕೆಗೆ ಹುಡುಗನನ್ನು ನೋಯಿಸುವ ಶಕ್ತಿಯೂ ಇರುತ್ತದೆ; ಗಿಡದಲ್ಲಿ ಬೆಳೆದುದೆಲ್ಲ ಸೌಮ್ಯವೆಂಬದು ನಮ್ಮ ಭ್ರಮೆ. ವಾಯುವಿಳಂಗವನ್ನು ಗರ್ಭಿಣಿಯರಿಗೆ ಕೊಡಬಾರದೆಂದು ವೈದ್ಯರೇ ಹೇಳುತ್ತಾರೆ. ಅಷ್ಟೇ ಅಲ್ಲ, ವಾಯುವಿಳಂಗವೆಂದು ಪೇಟೆಯಲ್ಲಿ ಮಾರುವ ಕಾಳಿನಲ್ಲಿ ಅದರ ದಾಯಾದಿ ಗಿಡಗಳ ಕಾಳೂ ಬೆರೆತಿರುತ್ತವೆ. ಆಯಿ ಕಚ್ಚಿ ನೋಡಿ ಆರಿಸುತ್ತಿದ್ದಳು. ನಾವು ಚೀಟಿಯ ಮೇಲಿನ ಹೆಸರನ್ನು ನಂಬುತ್ತೇವೆ. ಪಪ್ಪಾಯಿಯ ಬೀಜವನ್ನು ಜೇನಿನಲ್ಲಿ ಕಲಸಿ ನೈಜೀರಿಯದ ೬೦ ಮಕ್ಕಳಲ್ಲಿ ಮಾಡಿದ ಪರೀಕ್ಷೆಯ ಫಲ ೨೦೦೭ರಲ್ಲಿ ಪ್ರಕಟವಾಯಿತು. ಬೀಜ ತಿಂದವರಲ್ಲಿ ಬಹಳ ಮಂದಿಯ ಹುಳಗಳು ಹೋಗಿದ್ದವು. ಆಶೆ ಹುಟ್ಟಿಸುವ ಮಾತು. ಆದರೆ ೬೦ ಮಕ್ಕಳ ಅನುಭವವನ್ನು ಕೋಟಿ ಮಕ್ಕಳಿಗೆ ಕಾಯದೆ ಮಾಡಲಾಗದು. ಇನ್ನು ಆಮಶಂಕೆಯಂಥ ರೋಗಗಳನ್ನು ಹುಟ್ಟಿಸುವ, ಕಣ್ಣಿಗೆ ಕಾಣದ ಏಕಕೋಶಜೀವಿಗಳ ಮಾತೇ ಬೇರೆ. ಅವುಗಳಿಗೆ ಆಯಿಯ ಜಂತಿನ ಮದ್ದೂ ನಾಟುವದಿಲ್ಲ, ಶಾಲೆಯಲ್ಲಿ ಕೊಡುವ ಒಂದು ಗುಳಿಗೆಯೂ ಸಾಲುವದಿಲ್ಲ. ಮಲಪರೀಕ್ಷೆ ಮಾಡಿಸಿ ಡಾಕ್ಟರರು ಕೊಟ್ಟ ಔಷಧವನ್ನೇ ತೆಗೆದುಕೊಳ್ಳಬೇಕು.

ಗುಳಿಗೆಯ ಮಾತು ಬಂದಿತು. ೨೦೧೫ರ ಫೆಬ್ರುವರಿ ೧೦ರಂದು ಕೇಂದ್ರ ಸರಕಾರವು ರಾಷ್ಟ್ರೀಯ ಜಂತುನಾಶಕ ದಿನವನ್ನು ಆರಂಭಿಸಿತು. ಒಂದರಿಂದ ೧೯ ವರ್ಷದ ಮಕ್ಕಳಿಗೆಲ್ಲ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಗುಳಿಗೆ ಕೊಡುವದು. ಎರಡು ವರ್ಷ ದಾಟಿದವರಿಗೆ ೪೦೦ ಮಿಲಿಗ್ರಾಮಿನ ಪೂರ್ತಿ ಗುಳಿಗೆ, ಅದಕ್ಕಿಂತ ಚಿಕ್ಕವರಿಗೆ ಅರ್ಧ. ಈ ಗುಳಿಗೆಯು ಹುಳಕ್ಕೆ ಸಕ್ಕರೆಯನ್ನು ಹೀರಿಕೊಳ್ಳಲು ಬಿಡುವದಿಲ್ಲ. ಅದು ಹೊಟ್ಟೆಗಿಲ್ಲದೆ ಸಾಯುತ್ತದೆ. ಹುಳಕ್ಕೆ ಬೆಲ್ಲ ತಿನ್ನಿಸಿ ಹಿಡಿಯುತ್ತಿದ್ದ ಆಯಿಯ ನೀತಿಗೆ ಇದು ಸರಿ ವಿರುದ್ಧವಾದ ನೀತಿ.

ನಮ್ಮ ನಿವೃತ್ತಿಗೆ ಮೂರು ತಿಂಗಳಿರುವಾಗ, ೨೦೧೬ರ ಫೆಬ್ರುವರಿಯಲ್ಲಿ, ಮಿರಜ ತಾಲೂಕಿನ ನಮ್ಮ ಕನ್ನಡ ಶಾಲೆಗೆ ಗುಳಿಗೆಗಳ ಡಬ್ಬಿ ಬಂದಿತು. ಮಕ್ಕಳನ್ನು ಊಟ ಮಾಡಿಸಿ, ಸಾಲಾಗಿ ಕುಳ್ಳಿರಿಸಿ, ಜ್ವರ ಬಂದವರನ್ನು ಬೇರೆ ಮಾಡಿ, ಜಗಿದು ನುಂಗಿರೆಂದು ಹೇಳಿ ಕೊಡತೊಡಗಿದೆವು. ಅಷ್ಟರಲ್ಲಿ ಎರಡನೆಯ ಇಯತ್ತೆಯ ಹುಡುಗನೊಬ್ಬನ ಅಜ್ಜಿ ಬಂದು ಬಾಗಿಲಲ್ಲಿ ನಿಂತಳು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಕಟ್ಟಿದ್ದಳು.

"ನಮ್ಮ ಹುಡುಗಗ ಗುಳಿಗಿ ಬ್ಯಾಡ್ರಿ ಮಾಸ್ತರ್ರ. ನಾ ಮನ್ಯಾಗ ವಾವಡಿಂಗ ಕೊಡತೇನ್ರಿ."

ಗಂಟು ಬಿಚ್ಚಿ ತೋರಿಸಿದಳು. ಅದೇ ಕಾಳು, ಮೆಣಸಿಗಿಂತ ತುಸು ಚಿಕ್ಕದು, ಕೆಂಗಪ್ಪು ಬಣ್ಣ. ಆ ಕ್ಷಣ ನಮಗೆ ಮಾಸ್ತರಿಕೆ ಮರೆತುಹೋಯಿತು. ಒಂದು ಕುರ್ಚಿ ಹಾಕಿ, "ಕೂಡ್ರಿ ಆಯಿ" ಎಂದೆವು. ನಮ್ಮ ತಮ್ಮನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆವು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ಕೇಳಿದ ಮೇಲೆ, ನಾವು ನಿರೀಕ್ಷಿಸಿದಂತೆ ಸೋಲೊಪ್ಪಿಕೊಳ್ಳದೆ, ಒಂದು ಪ್ರಶ್ನೆ ಕೇಳಿದಳು:

"ಈ ಗುಳಿಗಿ ನುಂಗಿದ ಮ್ಯಾಲ ಮತ್ತ ಜಂತ ಆಗೂದಿಲ್ಲೇನ್ರಿ?"

ಸುಳ್ಳು ಹೇಳಲಾಗಲಿಲ್ಲ. ಆಗಬಹುದು, ಅದಕ್ಕೇ ಆರು ತಿಂಗಳಿಗೊಮ್ಮೆ ಕೊಡುತ್ತಾರೆ ಎಂದೆವು.

"ಅಂದ್ರ ನಿಮ್ಮ ಗುಳಿಗಿಗೂ ನನ್ನ ವಾವಡಿಂಗಕ್ಕೂ ಏನ ಫರಕ ಆತ್ರಿ?"

ಫರಕು ಇದೆಯೆಂದು ವಿವರಿಸಿದೆವು. ಗುಳಿಗೆಯ ಅಳತೆ ಗೊತ್ತಿದೆ, ಲಕ್ಷಾಂತರ ಮಕ್ಕಳಿಗೆ ಕೊಟ್ಟು ನೋಡಿದ್ದಾರೆ, ಇದಕ್ಕೆ ಔಡಲೆಣ್ಣೆಯ ಹಂಗಿಲ್ಲ, ಹುಳ ಬಹಳವಿದ್ದವರಿಗೆ ತುಸು ಹೊಟ್ಟೆ ತೊಳಸಬಹುದಲ್ಲದೆ ಹೆಚ್ಚಿನದೇನೂ ಆಗುವದಿಲ್ಲ ಎಂದೆವು. ಅವಳು ಎಲ್ಲಕ್ಕೂ ಹೂಂಗುಟ್ಟಿದಳು. ಆಮೇಲೆ ಎದ್ದು ನಿಂತು ಶಾಲೆಯ ಹಿಂದುಗಡೆಗೆ ಕೈ ಮಾಡಿ ಮೆಲ್ಲಗೆ ಹೇಳಿದಳು:

"ಸಂಡಾಸದಾಗ ನೀರಿಲ್ರಿ ಮಾಸ್ತರ್ರ. ಹುಡುಗೂರು ಹಿತ್ತಲದಾಗ ಕೂಡತಾವ. ಅದ ಕೈಲೆ ಬಂದು ಉಣ್ತಾವ. ಗುಳಿಗಿ ಆದ್ರೇನ, ವಾವಡಿಂಗ ಆದ್ರೇನ?"

ನಮಗೆ ಉತ್ತರ ಹೊಳೆಯಲಿಲ್ಲ. ನಳದ ನೀರು ನಿಂತು ಎರಡು ತಿಂಗಳಾಗಿತ್ತು. ಅರ್ಜಿ ಬರೆದು ಕಳಿಸಿದ್ದೆವು, ಕಳಿಸಿದೆವೆಂಬ ಸಮಾಧಾನದಲ್ಲಿದ್ದೆವು. ದಿನವೂ ಎರಡು ಸಲ ಆ ಹಿತ್ತಲ ಬದಿಯಿಂದಲೇ ನಡೆದುಹೋಗುತ್ತಿದ್ದ ನಾವು, ಜಂತುಗಳ ಜೀವನಚರಿತ್ರೆಯನ್ನು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಚಿತ್ರ ಬರೆದು ಕಲಿಸಿದ್ದೆವು. ಆ ಚಿತ್ರದಲ್ಲಿ ಮಣ್ಣು ಎಂದು ಬರೆದು ಬಾಣ ಹಾಕಿದ ಜಾಗ ನಮ್ಮ ಶಾಲೆಯ ಹಿತ್ತಲೇ ಎಂಬದು ನಮಗೆ ಹೊಳೆದಿರಲಿಲ್ಲ. ಅಕ್ಷರ ಬಾರದ ಮುದುಕಿಗೆ ಹೊಳೆದಿತ್ತು.

ಮನೆಗೆ ಬಂದು ಚರಕನನ್ನು ಮತ್ತೆ ತೆಗೆದೆವು. ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ೨೦ ಬಗೆಯ ಕ್ರಿಮಿಗಳನ್ನು ಎಣಿಸಿ, ಚಿಕಿತ್ಸೆಗೆ ಮೂರು ಮೆಟ್ಟಲುಗಳನ್ನು ಹೇಳಿದೆ. ಮೊದಲನೆಯದು ಅಪಕರ್ಷಣ: ಇದ್ದ ಹುಳಗಳನ್ನು ಹೊರಗೆ ಹಾಕುವದು. ಎರಡನೆಯದು ಪ್ರಕೃತಿವಿಘಾತ: ಹೊಟ್ಟೆಯೊಳಗೆ ಅವಕ್ಕೆ ಒಗ್ಗುವ ಸ್ಥಿತಿಯನ್ನು ಕೆಡಿಸುವದು. ಮೂರನೆಯದು ನಿದಾನ ಪರಿವರ್ಜನ: ಅವು ಬರುವ ಕಾರಣವನ್ನೇ ಬಿಡುವದು. ಆಯಿಯ ಕಲ್ಲೂ ಸರಕಾರದ ಗುಳಿಗೆಯೂ ತಮ್ಮೊಳಗೆ ಮೊದಲನೆಯ ಮೆಟ್ಟಲಿಗಾಗಿ ಜಗಳಾಡುತ್ತಿವೆ; ಆ ಜಗಳದಲ್ಲಿ ಗುಳಿಗೆಯದೇ ಮೇಲುಗೈಯೆಂದು ನಾವು ಸಂಶಯವಿಲ್ಲದೆ ಹೇಳುತ್ತೇವೆ. ಮೂರನೆಯ ಮೆಟ್ಟಲ ಮೇಲೆ ಮಾತ್ರ ಯಾರೂ ಕಾಲಿಟ್ಟಿರಲಿಲ್ಲ.

ಮರುದಿನ ಪಾಲಕರನ್ನು ಕರೆದೆವು. ಒಬ್ಬರು ಹಳೆಯದೊಂದು ಪಿಪಾಯಿ ಕೊಟ್ಟರು. ಮತ್ತೊಬ್ಬರು ತಮ್ಮ ಬಾವಿಯ ನೀರನ್ನು ಎತ್ತಿನ ಗಾಡಿಯಲ್ಲಿ ತಂದು ತುಂಬುವದಾಗಿ ಒಪ್ಪಿದರು. ನಾವು ಸಾಬೂನಿನ ಖರ್ಚನ್ನು ವಹಿಸಿಕೊಂಡೆವು. ಏಳನೆಯ ಇಯತ್ತೆಯ ಹುಡುಗಿಯರು ಊಟಕ್ಕೆ ಮುನ್ನ ಬಾಗಿಲಲ್ಲಿ ನಿಂತು ಚಿಕ್ಕವರ ಉಗುರು ನೋಡುವ ಕೆಲಸ ಹಿಡಿದರು. ಅವರ ಬಿಗಿ ನಮ್ಮ ಬೆತ್ತಕ್ಕೂ ಇರಲಿಲ್ಲ. ಬರಿಗಾಲಿನವರಿಗೆ ಚಪ್ಪಲಿ ಕೊಡಿಸಲು ನಿವೃತ್ತಿಯ ದಿನ ಹಾರ ತುರಾಯಿ ಬೇಡ, ಆ ಹಣ ಕೊಡಿರೆಂದು ಕೇಳಿಕೊಂಡೆವು. ಇಷ್ಟರಿಂದ ಜಂತುಗಳು ಆ ಊರು ಬಿಟ್ಟು ಓಡಿದವೆಂದು ನಾವು ಹೇಳಲಾರೆವು. ನೀರಿನ ಪಿಪಾಯಿ ಬರಿದಾದ ದಿನಗಳೂ ಇದ್ದವು. ಆದರೆ ಆ ಅಜ್ಜಿ ಎಂಟು ದಿನಗಳ ತರುವಾಯ, ಉಳಿದವರಿಗೆ ಗುಳಿಗೆ ಕೊಡುವ ದಿನ, ತಾನೇ ಮೊಮ್ಮಗನ ಕೈ ಹಿಡಿದು ಕರೆತಂದಳು.

"ಕೊಡ್ರಿ. ನೀರ ಬಂದೈತಿ, ಇನ್ನ ನಿಮ್ಮ ಗುಳಿಗೀನೂ ನೋಡೂಣು" ಎಂದಳು.

ಎರಡನೆಯ ಮೆಟ್ಟಲಿನ ಮಾತು ಉಳಿಯಿತು. ಅಲ್ಲಿ ಸಾಣೆಕಲ್ಲಿಗೂ ಅಡಿಗೆಮನೆಗೂ ಇನ್ನೂ ಜಾಗವಿದೆಯೆಂದು ನಾವು ನಂಬಿದ್ದೇವೆ. ಹುಳ ಬಿದ್ದ ಹೊಟ್ಟೆ ಬಾಡಿಗೆದಾರ ಬಿಟ್ಟುಹೋದ ಮನೆಯಂತೆ. ಅದನ್ನು ಮತ್ತೆ ಸಾರಿಸಿ ಕೊಡಬೇಕು. ಹಸಿವೆ ಚೇತರಿಸಲು ಶುಂಠಿ, ಇಂಗು ಹಾಕಿದ ಮಜ್ಜಿಗೆ. ಉಬ್ಬರಕ್ಕೆ ಒಂದು ಚಿಟಿಕೆ ಅಜಿವಾನ. ಹಗುರಾದ ಹೆಸರುಬೇಳೆಯ ಕಿಚಡಿ. ಕಳೆದ ರಕ್ತಕ್ಕಾಗಿ ನುಗ್ಗೆಯ ಸೊಪ್ಪು, ಪುಂಡಿಪಲ್ಯೆ, ಕಡಲೆ, ಹಿಂಡಿದ ನಿಂಬೆ. ಮುಖ ಬಹಳ ಬಿಳಿಚಿದ್ದರೆ ಶಾಲೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆ. ಇವು ಹುಳವನ್ನು ಕೊಲ್ಲುವದಿಲ್ಲ. ಕೊಲ್ಲುತ್ತವೆಂದು ಹೇಳಿ ಮಾರುವವರನ್ನು ನಂಬಬಾರದು. ಸಾಂಗ್ಲಿಯ ಅರಿಷಿಣಕ್ಕೆ ೨೦೧೮ರಲ್ಲಿ ಭೌಗೋಲಿಕ ಗುರುತಿನ ಮಾನ ಸಿಕ್ಕಿದೆ, ನಮಗೂ ಅದರ ಅಭಿಮಾನವಿದೆ. ಆದರೆ ಅದನ್ನು ಹಾಲಿಗೆ ಹಾಕಿ ಕುಡಿದರೆ ಜಂತು ಸಾಯುತ್ತವೆಂದು ನಾವು ಹೇಳೆವು. ಹೊಲದಲ್ಲಿ ಹಸಿ ಮೆಂತ್ಯೆಯನ್ನೂ ಉಳ್ಳಾಗಡ್ಡಿಯ ತಪ್ಪಲನ್ನೂ ಕಿತ್ತು, ಧೋತರದ ಅಂಚಿಗೆ ಒರಸಿ ರೊಟ್ಟಿಯೊಡನೆ ತಿನ್ನುವ ಸುಖವನ್ನು ಬಿಡಿರೆಂದು ನಮ್ಮ ಸೀಮೆಯವರಿಗೆ ಹೇಳುವ ಧೈರ್ಯ ನಮಗಿಲ್ಲ. ಮೂರು ನೀರಿನಲ್ಲಿ ತೊಳೆದು ತಿನ್ನಿರೆಂದಷ್ಟೇ ಕೈ ಮುಗಿದು ಕೇಳುತ್ತೇವೆ. ಮಹಾಪೂರ ಇಳಿದ ವರ್ಷವಂತೂ ಇದನ್ನು ಮರೆಯಲೇಬಾರದು. ಹೊಳೆ ಮನೆಯೊಳಗೆ ತಂದು ಸುರಿಯುವದು ಬರಿಯ ರೇವೆ ಮಣ್ಣನ್ನಲ್ಲ. ಊರಿನ ಎಲ್ಲ ಹಿತ್ತಲುಗಳನ್ನೂ ತಂದು ಸುರಿಯುತ್ತದೆ.

ತಮ್ಮ ಈಗ ಇಚಲಕರಂಜಿಯಲ್ಲಿದ್ದಾನೆ, ಅವನಿಗೂ ಮೊಮ್ಮಕ್ಕಳಾಗಿದ್ದಾರೆ. ಪೂರದ ಸುದ್ದಿ ತಿಳಿದು ಓಡಿ ಬಂದವನು, ಅಂಗಳದಲ್ಲಿ ಒಣಗಲಿಟ್ಟ ಸಾಣೆಕಲ್ಲನ್ನು ಕಂಡು ಗುರುತಿಸಿದ. ಅಂಗಿಯ ಮೇಲಿನಿಂದಲೇ ಹೊಟ್ಟೆಯ ಹಳೆಯ ಹೊಲಿಗೆಯ ಮೇಲೆ ಅವನ ಕೈ ತಾನಾಗಿ ಹೋಯಿತು. "ಆಯಿದಲ್ಲೇನು ಅಣ್ಣಾ?" ಎಂದ. ಹೌದೆಂದೆವು. ಬಿಸಾಕೆನ್ನಬಹುದೆಂದು ಒಂದು ಗಳಿಗೆ ಅಂಜಿಕೆಯಾಯಿತು. ಅವನು ಅದನ್ನು ಎತ್ತಿ, ತಗ್ಗಿನಲ್ಲಿ ಉಳಿದಿದ್ದ ರಾಡಿಯನ್ನು ಹೆಬ್ಬೆರಳಿನಿಂದ ತಿಕ್ಕಿ ತೆಗೆದು, "ಒಳಗ ಇಡು" ಎಂದ.

ಒಳಗೆ ಇಟ್ಟಿದ್ದೇವೆ. ಮೊಮ್ಮಗಳಿಗೆ ನೆಗಡಿಯಾದಾಗ ಅದರ ಮೇಲೆ ಶುಂಠಿ ತೇಯುತ್ತೇವೆ. ಅದರ ಪಕ್ಕದ ಗೂಡಿನಲ್ಲಿ ಅವಳ ಶಾಲೆಯ ಚೀಟಿಯಿದೆ. ಮುಂದಿನ ಗುಳಿಗೆ ಯಾವ ದಿನವೆಂದು ಅದರಲ್ಲಿ ಬರೆದಿದೆ. ಅವಳಿಗೆ ಈಗ ಬಜೆಗೂ ವೇಖಂಡಕ್ಕೂ, ಓವಾಕ್ಕೂ ಅಜಿವಾನಕ್ಕೂ ಎರಡೆರಡು ಹೆಸರು ಬರುತ್ತವೆ. ಊಟಕ್ಕೆ ಕರೆದಾಗ ಮೊದಲು ಬಚ್ಚಲಿಗೆ ಹೋಗುತ್ತಾಳೆ. ಕೈ ತೊಳೆದು, ಉಗುರುಗಳನ್ನು ನಮ್ಮ ಮುಂದೆ ಹಿಡಿದು ತೋರಿಸಿ, ಆಮೇಲೆ ನಮ್ಮ ಉಗುರನ್ನೂ ತೋರಿಸೆಂದು ಕೇಳುತ್ತಾಳೆ. ಕನ್ನಡ ಶಾಲೆಯ 'ಉಗುರು ನೋಡುವ ಹುಡುಗಿಯರು' ನೆನಪಾಗಿ ನಾವು ಸುಮ್ಮನೆ ಎರಡೂ ಕೈ ಮುಂದೆ ಚಾಚುತ್ತೇವೆ.